ಹಕ್ಕಿನ ಕೆಲಸಕ್ಕೆ ತಿಂಗಳ ಚಂದಾ: ಮೊದಲ ನೂರು ಜನರನ್ನು ಸೇರಿಸಿಕೊಳ್ಳುವುದು ಹೇಗೆ

ಜೀತದಿಂದ ಬಿಡಿಸಿಕೊಂಡು ಬಂದ ಒಂದು ಕುಟುಂಬದ ಜೊತೆ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಬಿಡಿಸಿದ ದಿನ ಆಗುವ ಖರ್ಚು ಕಡಿಮೆ. ದೊಡ್ಡ ಖರ್ಚು ಶುರುವಾಗುವುದು ಆಮೇಲೆ. ಜೀತದಿಂದ ಮುಕ್ತರಾದರು ಎಂಬ ಬಿಡುಗಡೆ ಪತ್ರಕ್ಕಾಗಿ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಓಡಾಟ, ಆಧಾರ್‌ನಲ್ಲಿ ಹೆಸರು ಸರಿ ಮಾಡಿಸುವುದು, ಬ್ಯಾಂಕ್ ಖಾತೆ ತೆರೆಸುವುದು, ಪರಿಹಾರದ ಅರ್ಜಿ ಯಾವ ಟೇಬಲ್ ಮೇಲೆ ಕೂತಿದೆ ಎಂದು ಹುಡುಕುವುದು, ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ. ಕಾನೂನು ಇದೆ, ಸರ್ಕಾರದ ಪರಿಹಾರವೂ ಇದೆ. ಅದು ಆ ಕುಟುಂಬದ ಕೈಗೆ ತಲುಪುವವರೆಗೆ ಯಾರಾದರೂ ಒಬ್ಬರು ಬೆನ್ನು ಬಿದ್ದಿರಬೇಕು. ಹಾಗೆ ಬೆನ್ನು ಬೀಳುವವರಿಗೆ ಬಸ್ ಚಾರ್ಜು ಬೇಕು, ಸಂಬಳ ಬೇಕು. ಅದೂ ಪ್ರತಿ ತಿಂಗಳು ಬೇಕು.

ಅದಕ್ಕೇ ಮಾನವ ಹಕ್ಕುಗಳ ಸಂಸ್ಥೆಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ದೇಣಿಗೆಗಿಂತ ತಿಂಗಳ ಚಂದಾ ಮುಖ್ಯ. ನೂರು ಜನ ತಲಾ 300 ರೂಪಾಯಿ ಕೊಟ್ಟರೆ ತಿಂಗಳಿಗೆ 30,000, ವರ್ಷಕ್ಕೆ 3.6 ಲಕ್ಷ. ತಾಲ್ಲೂಕು ಮಟ್ಟದಲ್ಲಿ ಒಬ್ಬ ಕಾರ್ಯಕರ್ತೆಯ ಸಂಬಳ ಮತ್ತು ಓಡಾಟ ಅದರಲ್ಲಿ ನಡೆಯುತ್ತದೆ. ಇಲ್ಲಿ ಬರೆಯುತ್ತಿರುವುದೆಲ್ಲ ಕರ್ನಾಟಕದಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಇಬ್ಬರು ಮೂವರು ಸಿಬ್ಬಂದಿ, ಒಂದು ಬಾಡಿಗೆ ಕೋಣೆ, ಕೈತುಂಬಾ ಕೇಸು ಇರುವಂಥವು.

ಬೇರೆ ದಾರಿಗಳು ಏಕೆ ಸಾಲುವುದಿಲ್ಲ

ವಿದೇಶಿ ಹಣದ ದಾರಿ ತುಂಬಾ ಕಿರಿದಾಗಿದೆ. 2020ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ತಿದ್ದುಪಡಿ ಆದಮೇಲೆ ವಿದೇಶಿ ದೇಣಿಗೆ ಬರಬೇಕಾದರೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ಇರಬೇಕು, ಆಡಳಿತ ಖರ್ಚು ಶೇ 20 ದಾಟುವ ಹಾಗಿಲ್ಲ, ಮತ್ತು ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಒಂದಿಷ್ಟು ಹಣ ಪಡೆದು ಕೆಲಸ ಮಾಡುತ್ತಿದ್ದ ಸಣ್ಣ ಗುಂಪುಗಳಿಗೆ ಈ ಕೊನೆಯದ್ದೇ ಹೆಚ್ಚು ಹೊಡೆತ ಕೊಟ್ಟಿದ್ದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಶಾಲೆ ಕಟ್ಟಡ, ಶೌಚಾಲಯ, ಆರೋಗ್ಯ ಶಿಬಿರಕ್ಕೆ ಸುಲಭವಾಗಿ ಬರುತ್ತದೆ. ಪೊಲೀಸ್ ಠಾಣೆ ಮುಂದೆ ನಿಲ್ಲುವ ಕೆಲಸಕ್ಕೆ, ಜಮೀನ್ದಾರರ ಮೇಲೆ ಕೇಸು ಹಾಕುವ ಕೆಲಸಕ್ಕೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಹಾಗಂತ ಊರ ಜನರ ಹಣ ಇದ್ದರೆ ಎಲ್ಲ ಸಲೀಸು ಎಂದೂ ತಿಳಿಯಬೇಡಿ. ಬೆಂಗಳೂರಿನಲ್ಲಿ ಕಚೇರಿ ಇದ್ದ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಡಿಯಾ ತನಗೆ ಸುಮಾರು ಒಂದು ಲಕ್ಷ ಭಾರತೀಯರು ದೇಣಿಗೆ ಕೊಟ್ಟಿದ್ದಾರೆ ಎಂದು ಹೇಳಿತ್ತು. ಆದರೂ 2020ರ ಸೆಪ್ಟೆಂಬರ್‌ನಲ್ಲಿ ಅದರ ಬ್ಯಾಂಕ್ ಖಾತೆಗಳು ಸ್ಥಗಿತಗೊಂಡು ಕೆಲಸ ನಿಂತಿತು. ವಿದೇಶಿ ಹಣದ ನಿಯಮ ಮುರಿದಿದೆ ಎಂದು ಸರ್ಕಾರ, ದನಿ ಅಡಗಿಸಲು ಹೀಗೆ ಮಾಡಿದ್ದಾರೆ ಎಂದು ಸಂಸ್ಥೆ. ಯಾರ ಮಾತು ಏನೇ ಇರಲಿ, ನಮ್ಮಂಥ ಸಣ್ಣವರು ತೆಗೆದುಕೊಳ್ಳಬೇಕಾದ್ದು ಇಷ್ಟು: ಲೆಕ್ಕದ ಕಾಗದ ಪಕ್ಕಾ ಇರಬೇಕು. ಇನ್ನೊಂದು ಕಡೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಇದೆ. 1976ರಲ್ಲಿ ಜಯಪ್ರಕಾಶ ನಾರಾಯಣರು ಶುರು ಮಾಡಿದ್ದು, ದೇಶಿ ಆಗಲಿ ವಿದೇಶಿ ಆಗಲಿ ಯಾವ ಫಂಡಿಂಗ್ ಏಜೆನ್ಸಿಯಿಂದಲೂ ಹಣ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ಇಟ್ಟುಕೊಂಡು ಸದಸ್ಯರ ಹಣದಲ್ಲೇ ನಡೆದು ಬಂದಿದೆ. ನೀವು ಅಷ್ಟು ಕಟ್ಟುನಿಟ್ಟಾಗಿ ಇರಬೇಕಿಲ್ಲ. ಆದರೆ ಇದು ಸಾಧ್ಯ ಎನ್ನುವುದಕ್ಕೆ ಕಣ್ಣ ಮುಂದೆ ಉದಾಹರಣೆ ಇದೆ.

ಕೇಳುವ ಮೊದಲು ಕಾಗದ ಸರಿ ಮಾಡಿಕೊಳ್ಳಿ

ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ, ಸಂಸ್ಥೆಯ ಪ್ಯಾನ್, 12ಎ ನೋಂದಣಿ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ ಮಾನ್ಯತೆ (ದಾನಿಗಳಿಗೆ ತೆರಿಗೆ ರಿಯಾಯಿತಿ), ಸಂಸ್ಥೆಯ ಹೆಸರಲ್ಲೇ ಬ್ಯಾಂಕ್ ಖಾತೆ. ಇದಿಷ್ಟು ಬೇಕು. ಯಾರದೋ ವೈಯಕ್ತಿಕ ಫೋನ್‌ಪೇ ನಂಬರ್‌ಗೆ ಒಂದು ರೂಪಾಯಿ ಕೂಡ ಹಾಕಿಸಿಕೊಳ್ಳಬೇಡಿ. ಕಾರ್ಯದರ್ಶಿ ಎಷ್ಟೇ ನಂಬಿಕಸ್ಥರಾಗಿರಲಿ. ಕೇಸಿನ ಎದುರು ಪಾರ್ಟಿಯವರು ನಿಮ್ಮ ಮೇಲೆ ದೂರು ಕೊಡಲು ಕಾಯುತ್ತಿರುತ್ತಾರೆ ಎಂಬುದನ್ನು ನೆನಪಿಡಿ, ಹಕ್ಕಿನ ಕೆಲಸದಲ್ಲಿ ಇದು ಬೇರೆ ಸೇವಾ ಸಂಸ್ಥೆಗಳಿಗಿಂತ ಜಾಸ್ತಿ.

2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ 2026ರ ಏಪ್ರಿಲ್ 1. ಅದರಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ. ಜನರ ಬಾಯಲ್ಲಿ ಇರುವುದು 80ಜಿ ಎಂಬ ಹೆಸರೇ, ಆದ್ದರಿಂದ ನಾನೂ ಹಾಗೇ ಬರೆಯುತ್ತೇನೆ. ಫಾರಂ ತುಂಬುವಾಗ ಆಡಿಟರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಹಳೆಯ ಕಾಯ್ದೆಯಲ್ಲಿ ನಡೆದು ಬಂದ ಕ್ರಮ ಹೀಗಿದೆ: ಆ ವರ್ಷ ಯಾರು ಎಷ್ಟು ಕೊಟ್ಟರು ಎಂಬ ವಿವರವನ್ನು ಪ್ಯಾನ್ ಸಮೇತ 10ಬಿಡಿ ಫಾರಂನಲ್ಲಿ ಮೇ 31ರೊಳಗೆ ಇಲಾಖೆಗೆ ಕೊಡಬೇಕು. ಆಮೇಲೆ 10ಬಿಇ ಎಂಬ ಪ್ರಮಾಣಪತ್ರ ಇಳಿಸಿಕೊಂಡು ದಾನಿಗಳಿಗೆ ಕಳಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಆ ಹಣಕ್ಕೆ ರಿಯಾಯಿತಿ ಇಲ್ಲ.

ಆದರೆ 80ಜಿ ತೋರಿಸಿ ಚಂದಾ ಕೇಳಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವ ನೌಕರರಿಗೆ ಈ ರಿಯಾಯಿತಿ ಸಿಗುವುದೇ ಇಲ್ಲ, ಈಗ ಬಹಳ ಜನ ಅದರಲ್ಲೇ ಇದ್ದಾರೆ. ಹಳೆಯದರಲ್ಲಿ ಇದ್ದವರಿಗೂ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 300 ಅಂದರೆ ವರ್ಷಕ್ಕೆ 3,600. ಅದರ ಅರ್ಧ 1,800 ಆದಾಯದಿಂದ ಕಳೆಯುತ್ತದೆ. ಶೇ 20ರ ಹಂತದಲ್ಲಿ ಇರುವವರಿಗೆ ಉಳಿಯುವುದು 360 ರೂಪಾಯಿ ಚಿಲ್ಲರೆ. ಇದಕ್ಕಾಗಿ ಯಾರೂ ಹಕ್ಕಿನ ಸಂಸ್ಥೆಗೆ ಚಂದಾ ಕೊಡುವುದಿಲ್ಲ. ಕೇಳಿದರೆ ಕೊಡಲು ಸಿದ್ಧ ಇರಬೇಕು, ಅಷ್ಟೇ.

ಸಭೆಗಳಲ್ಲಿ ಕ್ಯೂಆರ್ ಕೋಡ್ ಪೋಸ್ಟರ್ ಅಂಟಿಸುವ ಅಭ್ಯಾಸ ಈಗ ಎಲ್ಲ ಕಡೆ ಇದೆ. ಹಣ ಬರುತ್ತದೆ, ಆದರೆ ಕೊಟ್ಟವರ ವಿಳಾಸ ಇರುವುದಿಲ್ಲ. ಹೆಸರು ವಿಳಾಸ ಇಲ್ಲದ ಹಣವನ್ನು ತೆರಿಗೆ ಕಾನೂನು ಅನಾಮಧೇಯ ದೇಣಿಗೆ ಎಂದು ನೋಡುತ್ತದೆ. ಅದು ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ದಾಟಿದರೆ ಮೇಲಿನ ಹಣಕ್ಕೆ ಶೇ 30 ತೆರಿಗೆ. ಅದಕ್ಕೆ ಪೋಸ್ಟರ್ ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರಲಿ. ಹೆಸರು, ಊರು, ಫೋನ್ ಬರೆದುಕೊಳ್ಳಲಿ. ಮುಂದೆ ತಿಂಗಳ ಚಂದಾ ಕೇಳಲು ಆ ನೋಟ್‌ಬುಕ್ಕೇ ಬೇಕಾಗುತ್ತದೆ.

ಹೊರದೇಶದ ಕನ್ನಡಿಗರ ವಿಷಯ. ಇವರಲ್ಲಿ ತುಂಬಾ ಜನಕ್ಕೆ ಊರಿನ ಮೇಲೆ ಕಾಳಜಿ ಇದೆ, ಕೊಡಲು ಮನಸ್ಸೂ ಇದೆ. ನೋಡಬೇಕಾದ್ದು ಅವರು ಎಲ್ಲಿ ವಾಸ ಇದ್ದಾರೆ ಎಂಬುದನ್ನಲ್ಲ, ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂಬುದನ್ನು. ದುಬೈನಲ್ಲೋ ಡಲ್ಲಾಸ್‌ನಲ್ಲೋ ಇದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡವರು, ಅವರ ಹತ್ತಿರ ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಇದ್ದರೂ, ಮೈಸೂರಿನಲ್ಲೇ ಹುಟ್ಟಿದ್ದರೂ, ಕಾನೂನಿನ ಕಣ್ಣಲ್ಲಿ ವಿದೇಶಿ ಮೂಲವೇ. ನಿಮಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲದಿದ್ದರೆ ಅವರ 500 ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಫಾರಂನಲ್ಲೇ ಪೌರತ್ವದ ಪ್ರಶ್ನೆ ಹಾಕಿ, ಹೊರದೇಶದಲ್ಲಿ ಇರುವವರಿಂದ ಪಾಸ್‌ಪೋರ್ಟ್ ಪ್ರತಿ ಪಡೆದು ಇಟ್ಟುಕೊಳ್ಳಿ. ಸ್ನೇಹಿತರಿಗೆ ಬೇಡ ಎನ್ನಲು ಕಷ್ಟ ಆಗುತ್ತದೆ. ಆದರೂ ಹೇಳಬೇಕು. ಊರಿಗೆ ಬಂದಾಗ ಕಚೇರಿಗೆ ಬರಲಿ, ಇಲ್ಲಿರುವ ತಮ್ಮ ಗೆಳೆಯರಿಗೆ ನಿಮ್ಮನ್ನು ಪರಿಚಯ ಮಾಡಿಸಲಿ, ಅದೂ ಸಹಾಯವೇ.

ಯಾರನ್ನು ಕೇಳುವುದು

ಕಾಗದ ಪೆನ್ನು ತೆಗೆದುಕೊಂಡು ಕೂತು ಹೆಸರು ಬರೆಯಿರಿ. ಸಿಬ್ಬಂದಿ, ಟ್ರಸ್ಟಿಗಳು, ಸ್ವಯಂಸೇವಕರು ಎಲ್ಲರೂ ಒಟ್ಟಿಗೆ ಕೂರಿ. ಒಬ್ಬೊಬ್ಬರೂ ತಮ್ಮ ಫೋನ್ ತೆಗೆದು ನೋಡಿದರೆ ಇಪ್ಪತ್ತು ಹೆಸರು ಸಿಗುತ್ತದೆ. ನಿಮ್ಮ ಕೆಲಸವನ್ನು ಈಗಾಗಲೇ ಕಣ್ಣಾರೆ ಕಂಡವರು ಮೊದಲು ಬರಲಿ: ಫೀಸು ಬಿಟ್ಟು ಕೇಸು ನಡೆಸಿದ ವಕೀಲರ ಗೆಳೆಯರು, ತರಬೇತಿಗೆ ಕಾಲೇಜಿನ ಹಾಲ್ ಬಿಟ್ಟುಕೊಟ್ಟ ಮೇಷ್ಟ್ರು, ನಿವೃತ್ತ ಬ್ಯಾಂಕ್ ನೌಕರರು, ಎಲ್‌ಐಸಿ ಮತ್ತು ಸಾರಿಗೆ ಯೂನಿಯನ್ನಿನಲ್ಲಿ ಕೆಲಸ ಮಾಡಿದವರು, ಸುದ್ದಿ ಬರೆದ ಪತ್ರಕರ್ತರು.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಓದಿ ಕೆಲಸಕ್ಕೆ ಸೇರಿದ ತಲೆಮಾರಿನ ಮೇಲೆ. ಇವರ ಅಪ್ಪ ಅಮ್ಮ ಕೂಲಿ ಮಾಡಿದವರು, ಅಜ್ಜ ಜೀತಕ್ಕಿದ್ದವರು. ಇವರಿಗೆ ಬಿಡುಗಡೆ ಪತ್ರ ಅಂದರೆ ಏನೆಂದು ವಿವರಿಸಿ ಹೇಳಬೇಕಿಲ್ಲ. ಹಿಂದುಳಿದ ಸಮುದಾಯಗಳ ನೌಕರರ ಸಂಘಗಳಲ್ಲಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಲ್ಲಿ, ಹಾಸ್ಟೆಲಿನ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಇವರು ಸಿಗುತ್ತಾರೆ. ಸಮಾಜಕ್ಕೆ ವಾಪಸ್ ಕೊಡಬೇಕು ಎಂಬ ಮಾತು ಅವರಲ್ಲಿ ಮೊದಲೇ ಇದೆ. ಅದನ್ನು ಪ್ರತಿ ತಿಂಗಳ ಅಭ್ಯಾಸ ಮಾಡುವುದಷ್ಟೇ ನಿಮ್ಮ ಕೆಲಸ. ಸರ್ಕಾರಿ ನೌಕರರಾದರೆ ಹೆಸರು ಹೊರಗೆ ಬಂದರೆ ಏನಾಗುತ್ತೋ ಎಂಬ ಅಳುಕು ಇರುತ್ತದೆ. ಅದು ಸಹಜ. ಇಲಾಖೆಗೆ ಕೊಡಬೇಕಾದ ಫಾರಂ ಬಿಟ್ಟು ಬೇರೆಲ್ಲೂ, ವಾರ್ಷಿಕ ವರದಿಯಲ್ಲೂ ಸೇರಿ, ಹೆಸರು ಹಾಕುವುದಿಲ್ಲ ಎಂದು ಮೊದಲೇ ಹೇಳಿ. ಹಾಗೇ ನಡೆದುಕೊಳ್ಳಿ.

ಕೇಸು ನಡೆಯುತ್ತಿರುವ ಕುಟುಂಬಗಳನ್ನು ಕೇಳಬಾರದು. ಒಂದು ರೂಪಾಯಿಯನ್ನೂ ಕೇಳಬಾರದು. ಅವರು ತಾವಾಗಿ ಕೊಡಲು ಬಂದರೂ ಕೇಸು ಮುಗಿಯುವವರೆಗೆ ಬೇಡ ಎನ್ನಿ, ಏಕೆಂದರೆ ಹಣ ಕೊಟ್ಟರೆ ಕೆಲಸ ಬೇಗ ಆಗುತ್ತೆ ಎಂಬ ಪಾಠವನ್ನು ಅವರು ಎಲ್ಲ ಆಫೀಸುಗಳಲ್ಲೂ ಕಲಿತು ಬಂದಿರುತ್ತಾರೆ. ನಿಮ್ಮ ಬಾಗಿಲಲ್ಲಾದರೂ ಅದು ಸುಳ್ಳಾಗಬೇಕು. ಎಲ್ಲ ಮುಗಿದು ವರ್ಷ ಕಳೆದ ಮೇಲೆ ಅವರ ಮಗ ಬಂದು 50 ರೂಪಾಯಿ ಕೊಟ್ಟರೆ ರಸೀದಿ ಬರೆದು, ಕೈ ಮುಗಿದು ತೆಗೆದುಕೊಳ್ಳಿ.

ಕೇಳುವ ರೀತಿ

ನಮ್ಮಲ್ಲಿ ಕೊಡುವ ಗುಣಕ್ಕೆ ಬರ ಇಲ್ಲ. ದೇವಸ್ಥಾನದ ಅನ್ನದಾನಕ್ಕೆ, ಮಠದ ದಾಸೋಹಕ್ಕೆ, ಊರ ಜಾತ್ರೆಗೆ ಬಡವರೂ ಕೊಡುತ್ತಾರೆ. ರಂಜಾನಿನಲ್ಲಿ ಜಕಾತ್ ಲೆಕ್ಕ ಹಾಕಿ ಕೊಡುತ್ತಾರೆ. ಅಲ್ಲಿ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ, ಎಲೆ ಮೇಲೆ ಅನ್ನ ಬೀಳುತ್ತದೆ. ಹಕ್ಕಿನ ಕೆಲಸದಲ್ಲಿ ಏನೂ ಕಾಣುವುದಿಲ್ಲ. ಒಂದು ಅರ್ಜಿ, ಒಂದು ಸ್ವೀಕೃತಿ, ಮುಂದಿನ ತಾರೀಕು. ಅದಕ್ಕೆ ‘ಮಾನವ ಹಕ್ಕುಗಳ ರಕ್ಷಣೆಗಾಗಿ’ ಎಂದು ಕೇಳಿದರೆ ಜನಕ್ಕೆ ಏನೂ ಮೂಡುವುದಿಲ್ಲ. ಕೆಲಸವನ್ನು ಹೇಳಿ. ‘ಬಿಡುಗಡೆ ಪತ್ರ ಸಿಗದೆ ಸರ್ಕಾರದ ಪರಿಹಾರ ಸಿಗಲ್ಲ, ಆ ಪತ್ರಕ್ಕೆ ನಮ್ಮ ಕಾರ್ಯಕರ್ತೆ ಎಸಿ ಆಫೀಸಿಗೆ ಹೋಗಬೇಕು, ಒಂದು ಸಲ ಹೋಗಿ ಬರಲು ಇಷ್ಟು ಖರ್ಚು’ ಎಂದು ಹೇಳಿದರೆ ಕೇಳುವವರು ಮುಂದಕ್ಕೆ ಬಾಗುತ್ತಾರೆ.

ಎದುರಿಗೆ ಕೂತು ಕೇಳಿ. ವಾಟ್ಸಾಪ್ ಗುಂಪಿಗೆ ಕಳಿಸಿದ ಮನವಿಗೆ ಕೈ ಮುಗಿದ ಚಿತ್ರ ಬರುತ್ತದೆ, ಹಣ ಬರುವುದು ಕಡಿಮೆ. ಮೊದಲ ನೂರು ಜನರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಿಯೇ ಸೇರಿಸಬೇಕು, ಇದಕ್ಕೆ ಒಳದಾರಿ ನಾನು ಕಂಡಿಲ್ಲ. ಮನೆ ಸಭೆ ಚೆನ್ನಾಗಿ ನಡೆಯುತ್ತದೆ. ಈಗಾಗಲೇ ಚಂದಾ ಕೊಡುತ್ತಿರುವವರ ಮನೆಯಲ್ಲಿ ಭಾನುವಾರ ಸಂಜೆ ಎಂಟು ಹತ್ತು ಜನ, ಕಾಫಿ, ಮಂಡಕ್ಕಿ, ಕಾರ್ಯಕರ್ತೆ ಒಬ್ಬರು ಅರ್ಧ ಗಂಟೆ ಒಂದೇ ಒಂದು ಕೇಸಿನ ಕಥೆ ಹೇಳುವುದು. ಕೊನೆಯಲ್ಲಿ ಕೇಳಬೇಕಾದವರು ಸಂಸ್ಥೆಯವರಲ್ಲ, ಆ ಮನೆಯವರು. ‘ನಾನು ತಿಂಗಳಿಗೆ 500 ಕೊಡ್ತಾ ಇದ್ದೀನಿ, ನೀವೂ ಸೇರಿಕೊಳ್ಳಿ’ ಎಂದು ಅವರು ಹೇಳಿದರೆ ಅದರ ತೂಕವೇ ಬೇರೆ.

ಮೊತ್ತ ಹೇಳಿ. ‘ನಿಮಗೆ ತೋಚಿದಷ್ಟು ಕೊಡಿ’ ಅಂದರೆ ಎದುರಿನವರು ತೊಳಲಾಡುತ್ತಾರೆ, ಒಂದು ಸಲ 1,000 ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೀಗೆ ಕೇಳಬಹುದು:

‘ಮೇಡಂ, ಈ ಕೆಲಸಕ್ಕೆ ತಿಂಗಳಿಗೆ 300 ರೂಪಾಯಿ ಕೊಡುವ ನೂರು ಜನರನ್ನು ಹುಡುಕ್ತಾ ಇದ್ದೀವಿ. ನೀವು ಅದರಲ್ಲಿ ಒಬ್ಬರಾಗ್ತೀರಾ?’

ಕೇಳಿದ ಮೇಲೆ ಸುಮ್ಮನಿರಿ. ಅವರು ಯೋಚಿಸಲಿ. ಆ ಮೌನಕ್ಕೆ ಹೆದರಿ ‘ಪರವಾಗಿಲ್ಲ, 100 ಆದರೂ ಸಾಕು’ ಎಂದು ನಾವೇ ಇಳಿಸುವುದು ಬೇಡ. ಒಪ್ಪಿದರೆ ಅಲ್ಲೇ ಫೋನಿನಲ್ಲಿ ಆಟೋಪೇ (ಪ್ರತಿ ತಿಂಗಳು ಹಣ ತಾನಾಗಿ ಕಡಿತವಾಗುವ ವ್ಯವಸ್ಥೆ) ಮಾಡಿಸಿಬಿಡಿ. ‘ಲಿಂಕ್ ಕಳಿಸ್ತೀನಿ’ ಎಂದು ಎದ್ದು ಬಂದರೆ ಅರ್ಧ ಜನ ಮರೆಯುತ್ತಾರೆ, ಅವರ ತಪ್ಪೇನೂ ಇಲ್ಲ, ಎಲ್ಲರಿಗೂ ಅವರವರ ತಾಪತ್ರಯ ಇರುತ್ತದೆ.

ಸಮಯ ನೋಡಿಕೊಳ್ಳಿ. ತಿಂಗಳ ಕೊನೆಯಲ್ಲಿ ಕೇಳಬೇಡಿ. ಮೇ ಜೂನ್‌ನಲ್ಲಿ ಮಕ್ಕಳ ಶಾಲೆ ಫೀಸಿನ ಹೊತ್ತು, ಅದನ್ನು ಬಿಡಿ. ನವೆಂಬರ್ 26ರ ಸಂವಿಧಾನ ದಿನದಿಂದ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದವರೆಗಿನ ಎರಡು ವಾರ ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಕಾಲೇಜು, ವಕೀಲರ ಸಂಘ, ನೌಕರರ ಸಂಘ ಎಲ್ಲ ಕಡೆ ಭಾಷಣಕ್ಕೆ ಕರೆಯುತ್ತಾರೆ.

ಪ್ರಶ್ನೆಗಳು ಬರುತ್ತವೆ, ತಯಾರಾಗಿರಿ. ‘ಇದು ಸರ್ಕಾರ ಮಾಡಬೇಕಾದ ಕೆಲಸ ಅಲ್ವಾ?’ ಹೌದು, ಸರ್ಕಾರದ್ದೇ, ಸರ್ಕಾರ ಅದನ್ನು ಮಾಡುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ ಎನ್ನಿ. ‘ಮಾನವ ಹಕ್ಕಿನವರು ಅಂದ್ರೆ ಕಳ್ಳರು ಕೊಲೆಗಡುಕರ ಪರ ನಿಲ್ಲೋರು ತಾನೇ?’ ಇದು ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ, ಕೇಳಿದವರ ಮೇಲೆ ಸಿಟ್ಟಾಗಬೇಡಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಇಂದು ಗುರುತಿಲ್ಲದ ಯಾರೋ ಠಾಣೆಯಲ್ಲಿ ಕೂತಿದ್ದಾರೆ, ನಾಳೆ ಒಂದು ಬೈಕ್ ಅಪಘಾತದ ಕೇಸಿನಲ್ಲಿ ನಮ್ಮ ನಿಮ್ಮ ಮಗನೇ ಇರಬಹುದು, ನಿಯಮ ಇಬ್ಬರಿಗೂ ಒಂದೇ. ಇಷ್ಟು ಶಾಂತವಾಗಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಒಪ್ಪದವರನ್ನು ಬಿಡಿ. ವಾದದಲ್ಲಿ ಗೆದ್ದು ಪಡೆದ ಚಂದಾ ಎರಡನೇ ತಿಂಗಳಿಗೆ ನಿಲ್ಲುತ್ತದೆ.

ಫೋಟೋ ಬೇಡ

ಅಳುವ ಮುಖ ತೋರಿಸಿದರೆ ಹಣ ಬೇಗ ಬರುತ್ತದೆ, ಇದು ನಿಜ. ಆದರೂ ಮಾಡಬಾರದು. ಮೊದಲನೆಯದು ಕಾನೂನು. ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಸಂತ್ರಸ್ತ ಮಗುವಿನ ಗುರುತು ಬಹಿರಂಗ ಮಾಡುವಂತಿಲ್ಲ, ಮುಖ ಮಾತ್ರ ಅಲ್ಲ, ಹೆಸರು, ಮನೆ, ಶಾಲೆ, ನೆರೆಹೊರೆ ಯಾವುದೂ. ಅತ್ಯಾಚಾರ ಸಂತ್ರಸ್ತೆಯ ಹೆಸರು ಹೇಳುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಕೆಳಗೆ ಅಪರಾಧ. ಎರಡನೆಯದು ನನಗೆ ಇನ್ನೂ ದೊಡ್ಡದು. ನಿಮ್ಮ ಮೇಲೆ ಅವಲಂಬಿಸಿರುವ ಹೆಣ್ಣುಮಗಳ ಹತ್ತಿರ ‘ಅಕ್ಕಾ, ಒಂದು ಫೋಟೋ ತೆಗೆದುಕೊಳ್ಳಲಾ’ ಎಂದರೆ ಅವಳು ಬೇಡ ಎನ್ನುವುದು ಹೇಗೆ? ಕೇಸು ನಡೆಸುತ್ತಿರುವವರೇ ನೀವು. ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಘನತೆಗಾಗಿ ಹೋರಾಡುವ ಸಂಸ್ಥೆ ಹಣಕ್ಕಾಗಿ ಅದೇ ಘನತೆಯನ್ನು ತೆಗೆದು ಇಡಬಾರದು.

ಬದಲಿಗೆ ಏನು ತೋರಿಸುವುದು? ಹೆಸರು ಮಸಿ ಬಳಿದ ಬಿಡುಗಡೆ ಪತ್ರ. ಸಹಿ ಇಲ್ಲದೆ ವಾಪಸ್ ಬಂದ ಅರ್ಜಿ. ಬೆಳಿಗ್ಗೆಯ ಮೊದಲ ಬಸ್ಸು. ತಾಲ್ಲೂಕು ಕಚೇರಿ ಮುಂದಿನ ಸಾಲು. ಕಾರ್ಯಕರ್ತೆಯ ಡೈರಿಯ ಒಂದು ಪುಟ, ಎಲ್ಲಿಗೆ ಹೋದೆ, ಯಾರು ಸಿಗಲಿಲ್ಲ, ಮತ್ತೆ ಯಾವಾಗ ಬರಲು ಹೇಳಿದರು. ಇಂಥದ್ದನ್ನು ನೋಡಿ ಸೇರಿದವರು ಹೆಚ್ಚು ಕಾಲ ನಿಲ್ಲುತ್ತಾರೆ. ಅವರಿಗೆ ಕೆಲಸ ಯಾಕೆ ನಿಧಾನ ಎಂದು ಮೊದಲ ದಿನವೇ ಅರ್ಥವಾಗಿರುತ್ತದೆ.

ಹಣ ಬರುವ ದಾರಿ

ಯುಪಿಐ ಆಟೋಪೇ 2020ರಲ್ಲಿ ಬಂದಿತು, ಸಣ್ಣ ಚಂದಾಕ್ಕೆ ಅದೇ ಸಲೀಸು. ಒಮ್ಮೆ ಪಿನ್ ಹಾಕಿ ಒಪ್ಪಿದರೆ ಸಾಕು, 15,000ದವರೆಗೆ ಪ್ರತಿ ತಿಂಗಳು ಮತ್ತೆ ಪಿನ್ ಕೇಳುವುದಿಲ್ಲ. ಹಣ ಕಡಿತ ಆಗುವ 24 ಗಂಟೆ ಮೊದಲು ಅವರಿಗೆ ಒಂದು ಸಂದೇಶ ಹೋಗುತ್ತದೆ. ಆ ಸಂದೇಶದಲ್ಲಿ ನಿಮ್ಮ ಸಂಸ್ಥೆಯ ಹೆಸರು ಹೇಗೆ ಕಾಣುತ್ತದೆ ಎಂದು ನೀವೇ ಒಂದು ಆಟೋಪೇ ಮಾಡಿ ನೋಡಿ. ಕೆಲವೊಮ್ಮೆ ಟ್ರಸ್ಟಿನ ನೋಂದಾಯಿತ ಹೆಸರೋ ಪೇಮೆಂಟ್ ಕಂಪನಿಯ ಹೆಸರೋ ಬರುತ್ತದೆ, ದಾನಿಗಳು ಇದ್ಯಾವುದೋ ಮೋಸ ಎಂದುಕೊಂಡು ರದ್ದು ಮಾಡಿಬಿಡುತ್ತಾರೆ. ಮೊದಲೇ ಹೇಳಿಟ್ಟರೆ ಈ ತೊಂದರೆ ಇಲ್ಲ.

ಕಡಿತದ ದಿನ ಸಂಬಳದ ಹತ್ತಿರ ಇರಲಿ, 5 ಅಥವಾ 7ನೇ ತಾರೀಕು. ನಿವೃತ್ತರಿಗೆ ಪಿಂಚಣಿ ಯಾವಾಗ ಬರುತ್ತದೆ ಎಂದು ಕೇಳಿ ಇಡಿ. ಖಾತೆಯಲ್ಲಿ ಹಣ ಇಲ್ಲದೆ ಕಡಿತ ತಪ್ಪಿದರೆ ಅದನ್ನು ಅವರು ಬಿಟ್ಟುಹೋದರು ಎಂದು ತಿಳಿಯಬೇಡಿ. ಒಂದು ಫೋನ್ ಮಾಡಿ, ಹಣದ ವಿಷಯ ಕೊನೆಗೆ ಎತ್ತಿ. ಫೋನಿನಲ್ಲಿ ಹಣ ಹಾಕಲು ಹೆದರುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಬ್ಯಾಂಕಿನಲ್ಲೇ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ (ಪ್ರತಿ ತಿಂಗಳು ಇಷ್ಟು ಕಳಿಸಿ ಎಂಬ ಸೂಚನೆ) ಬರೆದುಕೊಡಲು ಸಹಾಯ ಮಾಡಿ, ಇಲ್ಲವೇ ವರ್ಷಕ್ಕೊಂದು ಚೆಕ್. ಸಣ್ಣ ಊರುಗಳಲ್ಲಿ ರಸೀದಿ ಪುಸ್ತಕ ಹಿಡಿದು ಹತ್ತು ಮನೆ ನೋಡಿಕೊಳ್ಳುವ ಒಬ್ಬರಿದ್ದರೆ ಯಾವ ಆ್ಯಪ್‌ಗಿಂತ ಕಡಿಮೆಯಿಲ್ಲ. ರಸೀದಿಗೆ ನಂಬರ್ ಇರಲಿ, ಹಣ ಅದೇ ವಾರ ಬ್ಯಾಂಕಿಗೆ ಕಟ್ಟಲಿ.

ಸೇರಿದವರು ಉಳಿಯಬೇಕು

ಮೊದಲ ಚಂದಾ ಬಂದ ಎರಡು ದಿನದೊಳಗೆ ಫೋನ್ ಮಾಡಿ ಧನ್ಯವಾದ ಹೇಳಿ. ಟೈಪ್ ಮಾಡಿದ ಸಂದೇಶ ಸಾಲದು, ದನಿ ಕೇಳಬೇಕು. ಆಮೇಲೆ ತಿಂಗಳಿಗೆ ಒಂದೇ ಒಂದು ಪತ್ರ, ಕನ್ನಡದಲ್ಲಿ, ಫೋನಿನ ಪರದೆಯಲ್ಲಿ ಎರಡು ಸಲ ಸರಿಸಿದರೆ ಮುಗಿಯುವಷ್ಟು ಉದ್ದ. ಈ ತಿಂಗಳು ಏನಾಯಿತು, ಏನಾಗಲಿಲ್ಲ. ಸೋತದ್ದನ್ನೂ ಬರೆಯಿರಿ. ಸಾಕ್ಷಿ ತಿರುಗಿ ಬಿದ್ದರು, ಆರೋಪಿ ಬಿಡುಗಡೆಯಾದ, ಮೇಲ್ಮನವಿಗೆ ಹೋಗುತ್ತೇವೆ. ಜನ ಇದಕ್ಕೆ ಬೇಜಾರಾಗಿ ಬಿಟ್ಟುಹೋಗುತ್ತಾರೆ ಎಂಬ ಭಯ ಸಂಸ್ಥೆಗಳಲ್ಲಿ ಇದೆ. ನನ್ನ ಅನುಭವದಲ್ಲಿ ಹಾಗಾಗುವುದಿಲ್ಲ, ಕೇಸು ಬಿದ್ದ ತಿಂಗಳಲ್ಲೇ ‘ಮುಂದೇನು ಮಾಡ್ತೀರಿ’ ಎಂದು ಕೇಳುವ ಫೋನುಗಳು ಬರುತ್ತವೆ. ಬರೀ ಗೆಲುವನ್ನೇ ಬರೆಯುವ ಪತ್ರವನ್ನು ಯಾರೂ ಓದುವುದಿಲ್ಲ. ಮತ್ತು ಆ ಪತ್ರದಲ್ಲಿ ಹಣ ಕೇಳಬೇಡಿ. ಪ್ರತಿ ಪತ್ರದ ಕೊನೆಗೂ ಕ್ಯೂಆರ್ ಕೋಡ್ ಇದ್ದರೆ ಚಂದಾ ಕೊಡುತ್ತಿರುವವರಿಗೆ ಇವರಿಗೆ ಎಷ್ಟು ಕೊಟ್ಟರೂ ಸಾಲದು ಅನಿಸುತ್ತದೆ.

ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆದು ಲೆಕ್ಕ ಇಡಿ. ಆಡಿಟ್ ಆದ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ: ಎಷ್ಟು ಬಂತು, ಸಂಬಳಕ್ಕೆ ಎಷ್ಟು, ಓಡಾಟಕ್ಕೆ ಎಷ್ಟು, ಕೋರ್ಟಿಗೆ ಎಷ್ಟು. ಸಂಬಳದ ಸಾಲು ದೊಡ್ಡದಾಗಿರುತ್ತದೆ. ಅದನ್ನು ಮರೆಮಾಚಬೇಡಿ, ಈ ಕೆಲಸ ಅಂದರೆ ಮನುಷ್ಯರು ಹೋಗಿ ನಿಲ್ಲುವುದೇ, ಸಿಮೆಂಟು ಇಟ್ಟಿಗೆ ಅಲ್ಲ. ಆ ಸಭೆಯಲ್ಲೇ ಕೇಳಬಹುದು, 300 ಕೊಡುತ್ತಿರುವವರು 400 ಮಾಡುತ್ತೀರಾ ಎಂದು. ವರ್ಷಕ್ಕೆ ಒಂದು ಸಲ, ಅಷ್ಟೇ. ಬಂದವರಲ್ಲಿ ಇಬ್ಬರಾದರೂ ಇನ್ನೊಬ್ಬರನ್ನು ಸೇರಿಸುವ ಜವಾಬ್ದಾರಿ ತೆಗೆದುಕೊಂಡರೆ ಮುಂದಿನ ನೂರರ ಕೆಲಸ ಶುರುವಾದಂತೆ.

ಬಿಟ್ಟುಹೋಗುವವರಿಗೆ ಬಾಗಿಲು ಸಲೀಸಾಗಿರಲಿ. ಕೆಲಸ ಹೋಗಿರುತ್ತದೆ, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಿರುತ್ತದೆ. ‘ಆರು ತಿಂಗಳು ನಿಲ್ಲಿಸಿ, ಆಮೇಲೆ ನೋಡೋಣ’ ಎಂದು ನೀವೇ ಹೇಳಿ. ಪತ್ರ ಕಳಿಸುವುದನ್ನು ನಿಲ್ಲಿಸಬೇಡಿ. ವಾಪಸ್ ಬರುವವರು ಬರುವುದು ಆ ಪತ್ರದಿಂದಲೇ.

ಬೇಡ ಎನ್ನಬೇಕಾದ ಹಣ

ಇದನ್ನು ಮೊದಲೇ ಬರೆದಿಟ್ಟುಕೊಂಡು ಟ್ರಸ್ಟಿಗಳ ಸಹಿ ಹಾಕಿಸಿ. ನೀವು ಕೇಸು ಹಾಕಿದ ಕ್ವಾರಿ, ಇಟ್ಟಿಗೆ ಗೂಡು, ಎಸ್ಟೇಟಿನವರ ಹಣ ಬೇಡ, ಅವರ ಸಂಬಂಧಿಕರ ಮೂಲಕ ಬಂದರೂ ಬೇಡ. ಯಾವ ಪಕ್ಷದ ಹಣವೂ ಬೇಡ, ಚುನಾವಣೆಗೆ ನಿಂತವರ ಕೈಯಿಂದಲೂ ಬೇಡ. ಒಬ್ಬರೇ ದಾನಿಯ ಹಣ ವರ್ಷದ ಒಟ್ಟು ಹಣದಲ್ಲಿ ಐದನೇ ಒಂದು ಭಾಗ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ನಾಳೆ ಅವರ ಗೆಳೆಯರ ಮೇಲೆ ದೂರು ಬಂದಾಗ ನಿಮ್ಮ ಕೈ ನಡುಗುತ್ತದೆ.

ಮೂರು ತಿಂಗಳ ಸಂಬಳದಷ್ಟು ಹಣ ಕೈಯಲ್ಲಿರಲಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯಾದ ಮಾತೇ. ಆದರೆ ತೆರಿಗೆ ವಿನಾಯಿತಿ ಇರುವ ಟ್ರಸ್ಟು ವರ್ಷದ ಆದಾಯದಲ್ಲಿ ಶೇ 85ನ್ನು ಆ ವರ್ಷವೇ ಉದ್ದೇಶಕ್ಕೆ ಖರ್ಚು ಮಾಡಬೇಕು. ಉಳಿಸಲು ಸಲೀಸಾಗಿ ಸಿಗುವುದು ಶೇ 15 ಮಾತ್ರ. ಅದರಿಂದ ಮೂರು ತಿಂಗಳ ಹಣ ಒಂದೇ ವರ್ಷದಲ್ಲಿ ಕೂಡುವುದಿಲ್ಲ, ಎರಡು ಮೂರು ವರ್ಷದ ಲೆಕ್ಕ ಹಾಕಿಕೊಳ್ಳಿ. ಜಾಸ್ತಿ ಉಳಿದರೆ ಮಾರ್ಚ್ ಮುಗಿಯುವ ಮೊದಲೇ ಆಡಿಟರ್ ಹತ್ತಿರ ಮಾತಾಡಿ.

ಪಟ್ಟಿ ಯಾರ ಕೈಯಲ್ಲಿ

ನೂರು ಜನರವರೆಗೆ ಒಂದು ಎಕ್ಸೆಲ್ ಹಾಳೆ ಸಾಕು. ಹೆಸರು, ಫೋನ್, ಊರು, ಪ್ಯಾನ್, ಪೌರತ್ವ, ಮೊತ್ತ, ಕಡಿತದ ದಿನ, ಯಾರು ಪರಿಚಯಿಸಿದರು, ಕೊನೆಯದಾಗಿ ಯಾವಾಗ ಮಾತಾಡಿದಿರಿ. ವಾರಕ್ಕೆ ಎರಡು ಮೂರು ಗಂಟೆ ಇದನ್ನೇ ನೋಡಿಕೊಳ್ಳುವ ಒಬ್ಬರು ಇರಬೇಕು. ಎಲ್ಲರ ಕೆಲಸ ಎಂದು ಬಿಟ್ಟರೆ ಯಾರೂ ಮಾಡುವುದಿಲ್ಲ. ತಿಂಗಳ ಕೊನೆಗೆ ಹೊಸಬರೆಷ್ಟು, ನಿಲ್ಲಿಸಿದವರೆಷ್ಟು, ಕಡಿತ ತಪ್ಪಿದ್ದೆಷ್ಟು ಎಂದು ಮೂರು ಅಂಕಿ ಬರೆದಿಟ್ಟರೆ ಸಾಕು.

ಆ ಹಾಳೆಗೆ ಪಾಸ್‌ವರ್ಡ್ ಹಾಕಿ. ದಾನಿಗಳ ಪಟ್ಟಿಯನ್ನು ಬೇರೆ ಸಂಸ್ಥೆಗೆ, ಸ್ನೇಹದ ಸಂಘಟನೆಗೂ, ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಮಾತು ಒಂದು ಕಡೆ ಇರಲಿ, ನಿಮಗೆ ಹಣ ಕೊಟ್ಟರು ಎಂಬ ಕಾರಣಕ್ಕೆ ಒಬ್ಬ ಮೇಷ್ಟ್ರು ತಮ್ಮ ಊರಿನಲ್ಲಿ ತೊಂದರೆಗೆ ಸಿಕ್ಕಬಾರದು. ವಾಟ್ಸಾಪ್‌ನಲ್ಲಿ ಗುಂಪು ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ.

ಇದನ್ನೆಲ್ಲ ನೋಡಿಕೊಳ್ಳುವವರು ಒಂದು ದಿನ ಕೆಲಸ ಬಿಡುತ್ತಾರೆ, ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಪೇಮೆಂಟ್ ಖಾತೆಯ ಲಾಗಿನ್, ಇಮೇಲ್, ಚಂದಾದಾರರು ಫೋನ್ ಮಾಡುವ ಸಿಮ್, ಇವೆಲ್ಲ ಮೊದಲ ದಿನದಿಂದಲೇ ಸಂಸ್ಥೆಯ ಹೆಸರಲ್ಲಿ ಇರಲಿ. ಒಟಿಪಿ ಬರುವ ನಂಬರ್ ಯಾರದು ಎಂದು ಈ ವಾರವೇ ನೋಡಿಕೊಳ್ಳಿ.